ಕೈಯಿಂದ ಮಾಡಿದ ಕಪ್ಪು ಗಾಜಿನ ಮಣಿಗಳಲ್ಲಿ ಹೊಳಪು ಉಳಿಯುತ್ತಿಲ್ಲ: ಕಾರಣವೇನಿರಬಹುದು?

ಮಣಿಸರ ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮನೆಯ ಹಿತ್ತಲ ಕೋಣೆಯಲ್ಲಿ ಟಾರ್ಚ್ ಜ್ವಾಲೆಯ ಮೇಲೆ ಗಾಜಿನ ಮಣಿಗಳನ್ನು ಮಾಡುತ್ತೇನೆ. ಇಂಧನ ಎಲ್‌ಪಿಜಿ, ಜೊತೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ಗಾಜು ಇಟಲಿಯಿಂದ ಬರುವ 104 ಹಿಗ್ಗುಗುಣಾಂಕದ (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ) ಮೃದು ಗಾಜಿನ ಕಡ್ಡಿ. ಕರಿಮಣಿ ಸರಕ್ಕೆಂದು 6ರಿಂದ 8 ಮಿಲಿಮೀಟರ್ ಗಾತ್ರದ ಕಪ್ಪು ಮಣಿಗಳನ್ನು ಕೇಳುವವರು ನನ್ನಲ್ಲಿ ಹೆಚ್ಚು.

ಜ್ವಾಲೆಯಿಂದ ಹೊರಗೆ ತೆಗೆಯುವ ಹೊತ್ತಿನಲ್ಲಿ ಮಣಿಯ ಮೈಯಲ್ಲಿ ಕಿಟಕಿಯ ಸರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಮರುದಿನ ಕಿಲ್ನ್‌ನಿಂದ (ಮಣಿಗಳನ್ನು ನಿಧಾನವಾಗಿ ತಣಿಸುವ ಕುಲುಮೆ) ತೆಗೆದು, ಗಾಜು ಸುತ್ತಿದ ತಂತಿಯಿಂದ ಬಿಡಿಸಿ, ತೊಳೆದು ಒಣಗಿಸಿದ ಮೇಲೆ ಅವುಗಳಲ್ಲಿ ಹಲವು ಮಂಕಾಗಿರುತ್ತವೆ. ಪಾರದರ್ಶಕ ಮಣಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಹಸಿರುನೀಲಿ ಬಣ್ಣದ ಮಣಿಗಳ ಮೇಲೆ ಬೂದು ಬಣ್ಣದ ಪೊರೆಯೂ ಕಟ್ಟುತ್ತದೆ.

ಟಂಬ್ಲರ್ (ಮಣಿಗಳನ್ನು ಪುಡಿಯೊಂದಿಗೆ ಉರುಳಿಸಿ ಹೊಳಪಿಸುವ ಡ್ರಮ್ ಯಂತ್ರ) ಕೊಳ್ಳಬೇಕೇ, ಪಾಲಿಶ್ ಪುಡಿ ಹಿಡಿದು ತಿಕ್ಕಬೇಕೇ ಅಥವಾ ಮೇಲೆ ಏನಾದರೂ ಲೇಪಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಜ್ವಾಲೆಯ ಅಂಚು

ಉತ್ತರಕ್ಕೆ ಮೊದಲು ನಾಲ್ಕು ವಿಷಯಗಳು ತಿಳಿಯಬೇಕು. ಮಂಕು ಮಣಿಯ ಇಡೀ ಮೈಯಲ್ಲಿದೆಯೇ, ಒಂದೇ ಮಗ್ಗುಲಲ್ಲಿದೆಯೇ ಅಥವಾ ತೂತಿನ ಸುತ್ತ ಮಾತ್ರವೇ? ಕಿಲ್ನ್‌ನ ಉಷ್ಣತೆ ಎಷ್ಟಕ್ಕೆ ನಿಲ್ಲಿಸುತ್ತೀರಿ? ಮಣಿಗಳನ್ನು ಯಾವುದರ ಮೇಲೆ ಇಡುತ್ತೀರಿ? ಯಾವ ನೀರಿನಲ್ಲಿ, ಯಾವುದರಿಂದ ತೊಳೆಯುತ್ತೀರಿ?

ಮಣಿ ವ್ಯಾಪಾರಿ ಬೆಂಗಳೂರು

ಅಷ್ಟೊಂದು ಚಿಂತಿಸುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಸಗಟು ಮಾರುಕಟ್ಟೆಗೆ ಬರುವ ಅಗ್ಗದ ಮಣಿಗಳಲ್ಲಿ ಎಷ್ಟೋ ಲ್ಯಾಕರ್ ಹಚ್ಚಿದವೇ ಆಗಿರುತ್ತವೆ. ಮಣಿಗಳನ್ನು ತಂತಿಗೆ ಪೋಣಿಸಿ, ಪಾರದರ್ಶಕ ಲ್ಯಾಕರ್‌ನಲ್ಲಿ ಅದ್ದಿ, ನೇತುಹಾಕಿ ಒಣಗಿಸಿದರೆ ಸಾಕು. ಖರ್ಚು ಕಡಿಮೆ, ನೋಟ ಚೆನ್ನಾಗಿರುತ್ತದೆ, ಗ್ರಾಹಕರೂ ಒಪ್ಪುತ್ತಾರೆ.

ಶಿರಸಿ ಅಕ್ಕ

ಕರಿಮಣಿಗೆ ಲ್ಯಾಕರ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಹಬ್ಬಕ್ಕೊಮ್ಮೆ ಹಾಕಿಕೊಂಡು ತೆಗೆದಿಡುವ ಸರವಲ್ಲ. ಸ್ನಾನದ ಸೋಪು, ಎಣ್ಣೆ, ಅರಿಸಿನ, ಬೆವರು, ಅಡುಗೆಮನೆಯ ಬಿಸಿ ಎಲ್ಲವನ್ನೂ ಕೊರಳಲ್ಲೇ ಇದ್ದು ತಾಳಿಕೊಳ್ಳಬೇಕಾದ ವಸ್ತು. ಅಂಗಡಿಯೊಂದರಲ್ಲಿ ಕೊಂಡ ಸರದ ಲೇಪ ಮೊದಲು ಮಣಿಗಳು ಒಂದಕ್ಕೊಂದು ತಾಗುವ ಅಂಚಿನಲ್ಲಿ ಬಿರಿಯಿತು. ಆಮೇಲೆ ಸಿಪ್ಪೆಯಂತೆ ಎದ್ದು ಬ್ಲೌಸಿನ ಕೊರಳಪಟ್ಟಿಗೆ ಅಂಟತೊಡಗಿತು. ಒಳಗಿದ್ದ ಗಾಜು ಬೂದಿ ಬಣ್ಣದ್ದಾಗಿತ್ತು.

ಮಣಿ ವ್ಯಾಪಾರಿ ಬೆಂಗಳೂರು

ಅಕ್ಕ, ನೀವು ಹೇಳುವುದು ಅಗ್ಗದ ಲೇಪದ ವಿಷಯ. ಒಳ್ಳೆಯ ದರ್ಜೆಯ ಲ್ಯಾಕರ್ ಅಷ್ಟು ಬೇಗ ಏಳುವುದಿಲ್ಲ. ಆದರೂ ದಿನನಿತ್ಯ ಧರಿಸುವ ಸರಕ್ಕೆ ಅದು ತಕ್ಕುದಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಕಿವಿಯೋಲೆಗೆ, ಪರದೆಯ ಅಲಂಕಾರಕ್ಕೆ ಆಗಬಹುದು.

ಮಣಿಸರ ಧಾರವಾಡ

ಜ್ವಾಲೆಯ ಅಂಚು ಅವರೇ, ನಿಮ್ಮ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಭೂತಗನ್ನಡಿ ಹಿಡಿದು ನೋಡಿದಾಗ ಮಂಕು ಎಲ್ಲ ಮಣಿಗಳಲ್ಲೂ ಒಂದೇ ಬಗೆಯದಲ್ಲ ಎಂದು ತಿಳಿಯಿತು. ಕೆಲವದರಲ್ಲಿ ಒಂದು ಮಗ್ಗುಲು ಮಾತ್ರ ಮಂಕಾಗಿದೆ. ಅಲ್ಲಿ ಬಟ್ಟೆಯ ನೇಯ್ಗೆಯಂತಹ ಸಣ್ಣ ಗುರುತಿದೆ. ಕೆಲವದರಲ್ಲಿ ಇಡೀ ಮೈ ಸಮನಾಗಿ ಮಬ್ಬಾಗಿದೆ. ಇನ್ನು ಕೆಲವದರಲ್ಲಿ ಬೆಳ್ಳಗಿನ ಕಲೆಗಳಿವೆ. ಕಿಲ್ನ್‌ನ ಮೀಟರು 520 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಮಣಿಗಳನ್ನು ಸೆರಾಮಿಕ್ ಫೈಬರ್ ಹೊದಿಕೆಯ ಮೇಲೆ ಇಡುತ್ತೇನೆ. ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ. ಗಾಜು ತಂತಿಗೆ ಅಂಟದಿರಲೆಂದು ಹಚ್ಚಿ, ಆಮೇಲೆ ತೂತಿನಲ್ಲಿ ಉಳಿಯುವ ಬಿಳಿ ಮಣ್ಣು ಹೋಗಲೆಂದು ಪಾತ್ರೆ ತೊಳೆಯುವ ಪುಡಿಯನ್ನೂ ಸ್ಟೀಲ್ ನಾರನ್ನೂ ಬಳಸುತ್ತೇನೆ.

ಭೌತಶಾಸ್ತ್ರದ ಮೇಷ್ಟ್ರು

ಕಪ್ಪು ಮಣಿಯಲ್ಲೇ ಮಂಕು ಏಕೆ ಎದ್ದು ಕಾಣುತ್ತದೆ ಎಂಬುದಕ್ಕೆ ಸರಳವಾದ ಕಾರಣವಿದೆ. ಸಾಮಾನ್ಯ ಸೋಡಾ-ಸುಣ್ಣದ ಗಾಜಿನ ವಕ್ರೀಭವನ ಸೂಚಿ ಸುಮಾರು 1.52. ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾ ಮಾತ್ರ ಗಾಜಿನ ಹೊರಮೈಯಿಂದ ಹಿಂದಿರುಗುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ಪಾರದರ್ಶಕ ಮಣಿಯಲ್ಲಿ ಒಳಗೆ ಹೋದ ಬೆಳಕು ಹಿಂದಿನ ಮೈಯಿಂದ ಪ್ರತಿಫಲಿಸಿ ಹೊರಬಂದು ಮಣಿಗೆ ಜೀವ ಕೊಡುತ್ತದೆ. ಹೊರಮೈಯ ಸಣ್ಣ ಕೊರತೆಯನ್ನು ಅದು ಮುಚ್ಚಿಬಿಡುತ್ತದೆ. ಕಪ್ಪು ಗಾಜಿನಲ್ಲಿ ಒಳಗೆ ಹೋದದ್ದೆಲ್ಲ ಅಲ್ಲೇ ಹೀರಲ್ಪಡುವುದರಿಂದ ನಮ್ಮ ಕಣ್ಣಿಗೆ ಬರುವುದು ಹೊರಮೈಯ ಆ 4 ಶೇಕಡಾ ಮಾತ್ರ.

ಆ ಮೈಯಲ್ಲಿನ ಏರುತಗ್ಗುಗಳು ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರಕ್ಕಿಂತ, ಎಂದರೆ 400ರಿಂದ 700 ನ್ಯಾನೋಮೀಟರ್‌ಗಿಂತ, ಬಹಳ ಚಿಕ್ಕವಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗಿ ಹೊಳಪಾಗುತ್ತದೆ. ಅದಕ್ಕೆ ಸಮನಾದರೆ ಅಥವಾ ದೊಡ್ಡವಾದರೆ ಬೆಳಕು ಚೆದರಿ ಮಬ್ಬು ಕಾಣುತ್ತದೆ.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಮಂಕಾದ ಮಣಿಯನ್ನು ನೀರಿನಲ್ಲಿ ಅದ್ದಿ ನೋಡಿ. ಒದ್ದೆಯಾದಾಗ ಹೊಳೆದು, ಒಣಗಿದ ಮೇಲೆ ಮತ್ತೆ ಮಂಕಾದರೆ ಮೈಯಲ್ಲಿ ಸೂಕ್ಷ್ಮ ಗೀರುಗಳೋ ಒರಟುತನವೋ ಇದೆ, ಇಲ್ಲವೇ ತೆಳುವಾದ ಲವಣದ ಪೊರೆ ಇದೆ. ನೀರು ಆ ತಗ್ಗುಗಳನ್ನು ತುಂಬಿ ತಾತ್ಕಾಲಿಕವಾಗಿ ಸಮ ಮಾಡುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಅದೇ ಮಣಿಯನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದು ಒಣಗಿಸಿ. ಪೊರೆಯಾಗಿದ್ದರೆ ಹೋಗುತ್ತದೆ, ಗೀರಾಗಿದ್ದರೆ ಉಳಿಯುತ್ತದೆ.

ಜ್ವಾಲೆಯ ಅಂಚು

ಮೇಷ್ಟ್ರು ಹೇಳಿದ ಪರೀಕ್ಷೆಯನ್ನು ಮಾಡಿಯೇ ಮುಂದುವರಿಯಿರಿ. ನಿಮ್ಮ ವಿವರಣೆಯಿಂದ ನನಗೆ ತೋರುವುದನ್ನು ಬರೆಯುತ್ತೇನೆ.

ಒಂದು ಮಗ್ಗುಲಿನ ಮಂಕು ಕಿಲ್ನ್‌ನಿಂದ ಬಂದದ್ದು. 104ರ ಗಾಜು 560 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ತೊಡಗುತ್ತದೆ. ಮೀಟರು 520 ತೋರಿಸಿದರೂ ಮಣಿ ಇರುವ ಜಾಗದಲ್ಲಿ ನಿಜವಾದ ಉಷ್ಣತೆ ಅದಕ್ಕಿಂತ ಹೆಚ್ಚಿರಬಹುದು, ಏಕೆಂದರೆ ಉಷ್ಣತೆ ಅಳೆಯುವ ಥರ್ಮೋಕಪಲ್ ಬಾಗಿಲ ಬಳಿ ಇದ್ದು ಮಣಿಗಳು ಬಿಸಿ ಸುರುಳಿಯ ಬಳಿ ಇದ್ದರೆ ಎರಡು ಕಡೆಯ ವ್ಯತ್ಯಾಸ ಸಣ್ಣದಾಗಿರುವುದಿಲ್ಲ. ಆಗ ಮಣಿ ತನ್ನ ಭಾರಕ್ಕೇ ಫೈಬರ್ ಹೊದಿಕೆಯ ಗುರುತನ್ನು ಮೈಮೇಲೆ ತೆಗೆದುಕೊಳ್ಳುತ್ತದೆ. ಇನ್ನೂ ಕೆಂಪಗಿರುವ ಮಣಿಯನ್ನು ನೇರವಾಗಿ ಒಳಗಿಟ್ಟರೂ ಇದೇ ಆಗುತ್ತದೆ. ಜ್ವಾಲೆಯಿಂದ ಹೊರತೆಗೆದ ಮಣಿಯನ್ನು ಟಾರ್ಚಿನ ಬೆಳಕು ಬೀಳದ ನೆರಳಿನಲ್ಲಿ ತಿರುಗಿಸುತ್ತಾ ಹಿಡಿದು, ಕೆಂಪು ಪೂರ್ತಿ ಆರಿದ ಮೇಲೆ ಒಳಗಿಡಬೇಕು. ಮಣಿಯನ್ನು ಹೊದಿಕೆಗೆ ತಾಗಿಸದೆ, ಮ್ಯಾಂಡ್ರೆಲ್ ತಂತಿಯ ಎರಡು ತುದಿಗಳನ್ನು ಇಟ್ಟಿಗೆಯ ತುಂಡುಗಳ ಮೇಲೆ ಏರಿಸಿ ಗಾಳಿಯಲ್ಲಿ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಇಡೀ ಮೈ ಸಮನಾಗಿ ಮಬ್ಬಾಗಿರುವುದಕ್ಕೆ ಸ್ಟೀಲ್ ನಾರು ಮತ್ತು ಪಾತ್ರೆ ಪುಡಿಯ ಮೇಲೆಯೇ ನನ್ನ ಅನುಮಾನ. ಗಾಜಿನ ಗಡಸುತನ ಮೋಸ್ ಮಾಪನದಲ್ಲಿ 5.5ರ ಸುಮಾರು, ಆ ಪುಡಿಗಳಲ್ಲಿ ಬೆಣಚುಕಲ್ಲಿನ ಅಂಶವಿದ್ದರೆ ಅದರ ಗಡಸುತನ 7. ತೂತಿನ ಮಣ್ಣು ತೆಗೆಯಲು ಮಣಿಯ ಹೊರಮೈಯನ್ನು ಮುಟ್ಟುವ ಅಗತ್ಯವೇ ಇಲ್ಲ. ಮಣಿಯನ್ನು ನೀರಿನೊಳಗೆ ಮುಳುಗಿಸಿ, ವಜ್ರದ ಪುಡಿ ಹಚ್ಚಿದ ಸೂಜಿಯಂತಹ ಅರವನ್ನು ತೂತಿನೊಳಗೆ ಮಾತ್ರ ಆಡಿಸಿ. ನೀರಿನೊಳಗೇ ಮಾಡಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ: ಆ ಒಣ ಮಣ್ಣಿನ ದೂಳು ಶ್ವಾಸಕೋಶಕ್ಕೆ ಹೋಗಬಾರದು.

ಇನ್ನು ಹೊಳಪಿನ ವಿಷಯ. ಕರಗಿದ ಗಾಜಿನ ಮೇಲ್ಮೈ ಎಳೆತವೇ ಮೈಯನ್ನು ನಯವಾಗಿಸುತ್ತದೆ. ಹಿತ್ತಾಳೆಯ ಹಲಗೆಯ ಮೇಲೋ ಗ್ರಾಫೈಟ್ ಪಟ್ಟಿಯ ಮೇಲೋ ಮಣಿಯನ್ನು ಉರುಳಿಸಿ ಆಕಾರ ಕೊಟ್ಟಾಗ ತಣ್ಣನೆಯ ಲೋಹಕ್ಕೆ ತಾಗಿದ ಗಾಜು ತಟ್ಟನೆ ಬಿಗಿದು ನೀರಲೆಯಂತಹ ಸುಕ್ಕುಗಳು ಮೂಡುತ್ತವೆ. ಆದ್ದರಿಂದ ಆಕಾರದ ಕೆಲಸವೆಲ್ಲ ಮುಗಿದ ಮೇಲೆ, ಮಣಿಯ ಒಳಗಿನ ಕೆಂಪು ಆರಲು ಬಿಟ್ಟು, ಜ್ವಾಲೆಯ ಹೊರತುದಿಯಲ್ಲಿ, ನೀಲಿ ಶಂಕುವಿನಿಂದ ಸಾಕಷ್ಟು ದೂರದಲ್ಲಿ, ಒಂದೇ ವೇಗದಲ್ಲಿ ತಿರುಗಿಸುತ್ತಾ ಹೊರಮೈಯನ್ನು ಮಾತ್ರ ಬಿಸಿ ಮಾಡಬೇಕು. ಸುಕ್ಕುಗಳು ಒಂದೊಂದಾಗಿ ಕರಗಿ, ಮೈಯಲ್ಲಿ ಒದ್ದೆಯಂತಹ ಹೊಳಪು ಹರಿದು ಬರುವುದು ಕಣ್ಣಿಗೇ ಕಾಣುತ್ತದೆ. ಆ ಕ್ಷಣದಲ್ಲಿ ಹೊರತೆಗೆಯಬೇಕು. ಇನ್ನೂ ಒಂದಿಷ್ಟು ಇರಲಿ ಎಂದು ಹಿಡಿದರೆ ಮೇಲ್ಮೈ ಕುದಿದು ಸೂಜಿಮೊನೆಯಂತಹ ಗುಳ್ಳೆಗಳು ಏಳುತ್ತವೆ, ಆಕಾರವೂ ಜೋತುಬೀಳುತ್ತದೆ.

ಹೊಸ ಕೈ

ಹೊರತುದಿ ಎಂದರೆ ಟಾರ್ಚಿನಿಂದ ಎಷ್ಟು ದೂರ?

ಜ್ವಾಲೆಯ ಅಂಚು

ಅದು ಟಾರ್ಚಿನ ಗಾತ್ರವನ್ನೂ ಅನಿಲದ ಒತ್ತಡವನ್ನೂ ಅವಲಂಬಿಸುತ್ತದೆ, ಆದ್ದರಿಂದ ಅಳತೆ ಹೇಳಿ ಪ್ರಯೋಜನವಿಲ್ಲ. ಆ ಜಾಗದಲ್ಲಿ ಮಣಿಯ ಮೈ ಮಂದವಾಗಿ ಕೆಂಪಾಗಬೇಕು, ಕಿತ್ತಳೆಯಾಗಬಾರದು, ಆಕಾರ ಅಲುಗಬಾರದು. ಡೈಡಿಮಿಯಂ ಕನ್ನಡಕ ಹಾಕಿಕೊಂಡೇ ನೋಡಿ. ಸೋಡಿಯಂನ ಹಳದಿ ಉರಿಯನ್ನು ಅದು ತಡೆಯುವುದರಿಂದ ಮೈಯ ನಿಜವಾದ ಸ್ಥಿತಿ ಕಾಣುತ್ತದೆ.

ಸಾಣೆಕಲ್ಲು

ನಾನು ರತ್ನದ ಕಲ್ಲುಗಳನ್ನು ಕತ್ತರಿಸಿ ಹೊಳಪು ಕೊಡುವ ಕೆಲಸದಲ್ಲಿರುವವನು. ಎಲ್ಲವನ್ನೂ ಜ್ವಾಲೆಗೇ ಬಿಡಬೇಕೆಂಬ ಅಭಿಪ್ರಾಯಕ್ಕೆ ನನ್ನ ಆಕ್ಷೇಪವಿದೆ. ಈಗಾಗಲೇ ತಣ್ಣಗಾಗಿ ತಂತಿಯಿಂದ ಬಿಡಿಸಿದ, ಗೀರು ಬಿದ್ದ ಮಣಿಗಳನ್ನು ಮತ್ತೆ ಜ್ವಾಲೆಗೆ ಹಿಡಿದರೆ ಸಿಡಿಯುವ ಸಂಭವವೇ ಹೆಚ್ಚು. ಅಂತಹ ಮಣಿಗಳನ್ನು ಎಸೆಯುವುದಕ್ಕಿಂತ ಟಂಬ್ಲರ್‌ನಲ್ಲಿ ಉಳಿಸಿಕೊಳ್ಳಬಹುದು.

ಗೀರು ಆಳವಾಗಿದ್ದರೆ ಮೊದಲು 400ರ ಅಥವಾ 600ರ ಸಿಲಿಕಾನ್ ಕಾರ್ಬೈಡ್ ಪುಡಿ, ಆಮೇಲೆ 1000ಕ್ಕೂ ಮೇಲಿನ ನಯವಾದ ಪುಡಿ, ಕೊನೆಯಲ್ಲಿ ಸೀರಿಯಂ ಆಕ್ಸೈಡ್. ಗೀರು ಮೇಲುಮೇಲಿನದಾಗಿದ್ದರೆ ಸೀರಿಯಂ ಆಕ್ಸೈಡ್ ಒಂದೇ ಸಾಕು. ಗಾಜಿಗೆ ಸೀರಿಯಂ ಆಕ್ಸೈಡ್ ಇಷ್ಟು ಒಗ್ಗುವುದು ಅದು ಉಜ್ಜುವ ಪುಡಿ ಮಾತ್ರವಲ್ಲದ ಕಾರಣ: ನೀರಿನ ಸಮ್ಮುಖದಲ್ಲಿ ಅದು ಗಾಜಿನ ಸಿಲಿಕಾದೊಂದಿಗೆ ರಾಸಾಯನಿಕವಾಗಿಯೂ ವರ್ತಿಸಿ ತೀರಾ ತೆಳುವಾದ ಪದರಗಳನ್ನು ಎತ್ತುತ್ತದೆ. ಕನ್ನಡಕದ ಗಾಜು, ದೂರದರ್ಶಕದ ಮಸೂರಗಳಿಗೂ ಇದನ್ನೇ ಬಳಸುತ್ತಾರೆ.

ಡ್ರಮ್ಮಿನ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿಸಿ. ಮಣಿಗಳು ಪರಸ್ಪರ ಬಡಿದು ಚಕ್ಕೆ ಏಳದಂತೆ ಪ್ಲಾಸ್ಟಿಕ್ ಗುಳಿಗೆಗಳನ್ನು ಸೇರಿಸಿ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಮಣಿಯನ್ನೂ ಡ್ರಮ್ಮನ್ನೂ ತೂತಿನ ಒಳಗನ್ನೂ ತೊಳೆದು ಹಿಂದಿನ ಪುಡಿಯ ಒಂದು ಕಣವೂ ಉಳಿಯದಂತೆ ನೋಡಿಕೊಳ್ಳಿ. ಸೀರಿಯಂ ಹಂತದಲ್ಲಿ 400ರ ಒಂದು ಕಣ ಸಿಕ್ಕಿಕೊಂಡರೂ ಇಡೀ ಕೆಲಸ ಹಾಳು. ಉಳಿದ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಜ್ವಾಲೆಯ ಅಂಚು

ಕೆಟ್ಟ ಮಣಿಯನ್ನು ಉಳಿಸಿಕೊಳ್ಳಲು ಟಂಬ್ಲರ್ ಒಳ್ಳೆಯದು ಎಂಬುದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಹೊಸದಾಗಿ ಮಾಡುವ ಮಣಿಗೆ ಅದನ್ನೇ ದಾರಿ ಮಾಡಿಕೊಳ್ಳಬಾರದು ಎನ್ನುತ್ತೇನೆ. ಮಣಿಯ ಮೇಲೆ ಉಬ್ಬಿದ ಚುಕ್ಕೆ, ಬಳ್ಳಿ ಇದ್ದರೆ ಟಂಬ್ಲರ್ ಅದರ ಅಂಚನ್ನು ಸವೆಸುತ್ತದೆ. ಚುಕ್ಕೆಯ ಬುಡದ ತಗ್ಗಿಗೆ ಪುಡಿ ತಲುಪದೆ ಅಲ್ಲಿ ಮಂಕು ಹಾಗೆಯೇ ಉಳಿಯುತ್ತದೆ. ಜೊತೆಗೆ, ಬೆಂಕಿಯಲ್ಲಿ ಬಂದ ಮೈಯಲ್ಲಿ ಉಜ್ಜಿದ ಗೀರು ಒಂದೂ ಇರುವುದಿಲ್ಲ. ಉಜ್ಜಿ ಪಡೆದ ಹೊಳಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಉಳಿದೇ ಇರುತ್ತವೆ. ಎರಡು ಕಪ್ಪು ಮಣಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಅಕ್ಕಪಕ್ಕ ಹಿಡಿದು ನೋಡಿ. ಒಂದರಲ್ಲಿ ದೀಪದ ಗೆರೆಯ ಅಂಚು ಚೂಪಾಗಿರುತ್ತದೆ, ಇನ್ನೊಂದರಲ್ಲಿ ಅಂಚು ಸ್ವಲ್ಪ ಹರಡಿರುತ್ತದೆ.

ಸಾಣೆಕಲ್ಲು

ಹರಡಿದ ಅಂಚು ಅವಸರದ ಕೆಲಸದ ಗುರುತು, ಸೀರಿಯಂನ ಗುರುತಲ್ಲ. ಮಸೂರ ತಯಾರಿಸುವವರು ಉಜ್ಜಿಯೇ ಆ ನಯವನ್ನು ಸಾಧಿಸುತ್ತಾರೆ. ಆದರೆ ಉಬ್ಬು ಚಿತ್ತಾರದ ಮಣಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದನ್ನು ನಾನು ಡ್ರಮ್ಮಿಗೆ ಹಾಕುವುದಿಲ್ಲ.

ಪ್ರಾಗ್ ಕನ್ನಡಿಗ

ನಾನು ನೆಲೆಸಿರುವ ಚೆಕ್ ದೇಶದಲ್ಲಿ ಯಾಬ್ಲೋನೆಟ್ಸ್ ಪಟ್ಟಣದ ಸುತ್ತಮುತ್ತ ಗಾಜಿನ ಮಣಿಯೇ ಊರಿನ ಕಸುಬು. ಅಲ್ಲಿನ ಒಂದು ಬಗೆಯ ಮಣಿಗೆ 'ಫೈರ್ ಪಾಲಿಶ್' ಎಂದೇ ವ್ಯಾಪಾರದ ಹೆಸರು. ಅಚ್ಚಿನಲ್ಲಿ ಒತ್ತಿದ ಮಣಿಗೆ ಯಂತ್ರದಲ್ಲಿ ಮುಖಗಳನ್ನು ಕೊರೆದಾಗ ಆ ಮುಖಗಳೆಲ್ಲ ಮಂಕಾಗಿರುತ್ತವೆ. ಆಮೇಲೆ ಮಣಿಗಳನ್ನು ಕುಲುಮೆಯೊಳಗೆ ಹಾಯಿಸಿ, ಹೊರಮೈ ಮಾತ್ರ ತುಸು ಕರಗುವಂತೆ ಮಾಡಿ ಹೊಳಪು ತರುತ್ತಾರೆ. ಹೀಗಾಗಿ ಆ ಮಣಿಗಳ ಮುಖದ ಅಂಚುಗಳು ಉಜ್ಜಿ ಹೊಳಪಿಸಿದ ಹರಳಿನಷ್ಟು ಚೂಪಾಗಿರದೆ ಸ್ವಲ್ಪ ಮೃದುವಾಗಿರುತ್ತವೆ. ನಿಮ್ಮಿಬ್ಬರ ವಾದವೂ ಒಂದೇ ಮಣಿಯಲ್ಲಿ ಕಾಣುತ್ತದೆ: ಚೂಪು ಬೇಕಾದರೆ ಸಾಣೆ, ನಯ ಬೇಕಾದರೆ ಬೆಂಕಿ.

ವೆನಿಸ್‌ನ ಸಣ್ಣ ಮಣಿಗಳ ಕೆಲಸದಲ್ಲಿ ಇವೆರಡೂ ಒಂದರ ಹಿಂದೊಂದು ಬರುತ್ತಿದ್ದವು. ಗಾಜಿನ ಕೊಳವೆಯನ್ನು ಎಳೆದು, ತುಂಡರಿಸಿ, ತೂತು ಮುಚ್ಚಿಹೋಗದಂತೆ ಸುಣ್ಣ ಮತ್ತು ಇದ್ದಿಲಿನ ಪುಡಿಯನ್ನು ತುಂಬಿ, ಬಿಸಿಯಲ್ಲಿ ತಿರುಗಿಸಿ ಅಂಚುಗಳನ್ನು ದುಂಡಾಗಿಸುತ್ತಿದ್ದರು. ಕೊನೆಯಲ್ಲಿ ಚೀಲದಲ್ಲಿ ತವುಡಿನ ಜೊತೆ ಕುಲುಕಿ ಹೊಳಪು ಕೊಡುತ್ತಿದ್ದರು. ಇಟಲಿ ಮತ್ತು ಫ್ರಾನ್ಸ್‌ಗಳ ಗಾಜಿನ ಮಣಿಯ ಕಲೆಯನ್ನು ಯುನೆಸ್ಕೋ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಕೋಲಾರದ ಓದುಗ

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಗಡಿಯಾಚೆ ಆಂಧ್ರದಲ್ಲಿ, ಶ್ರೀಕಾಳಹಸ್ತಿಯ ಕಡೆಯ ಪಾಪಾನಾಯುಡುಪೇಟೆಯಲ್ಲಿ ಕೊಳವೆ ಎಳೆದು ಮಣಿ ಮಾಡುವ ಹಳೆಯ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಅಮೆರಿಕದ ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಅವರು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕ ಪ್ರಾಚೀನ ಮಣಿಗಳ ತಯಾರಿಕೆಗೂ ಈ ಪದ್ಧತಿಗೂ ಇರುವ ನಂಟನ್ನು ವಿವರಿಸಿದ್ದರು. ಅಲ್ಲಿಯೂ ತುಂಡರಿಸಿದ ಮಣಿಗಳ ಚೂಪಾದ ಅಂಚು ಹೋಗಲು ಬೂದಿಯೊಂದಿಗೆ ಬೆರೆಸಿ ಮತ್ತೆ ಬಿಸಿ ಮಾಡುತ್ತಾರೆ. ಬೂದಿ ಇರುವುದರಿಂದ ಒಂದಕ್ಕೊಂದು ಅಂಟುವುದಿಲ್ಲ. ಹೊಳಪು ಅಲ್ಲಿಯೂ ಬೆಂಕಿಯಿಂದಲೇ ಬರುತ್ತದೆ.

ಚಿತ್ರದುರ್ಗ ಸೀಮೆ

ಗಾಜಿನ ಮಾತು ಬಂದದ್ದರಿಂದ ಮತ್ತೋಡನ್ನು ನೆನೆಯದೆ ಇರಲಾರೆ. ಹೊಸದುರ್ಗ ತಾಲ್ಲೂಕಿನ ಈ ಊರಿನ ಬಳೆಗಾಜಿನ ಕುಲುಮೆಗಳನ್ನು 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಸವಳು ಮಣ್ಣಿನ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕರಗಿಸಿ ಅಲ್ಲಿ ಬಳೆ ಮಾಡುತ್ತಿದ್ದರು. ಗಾಜಿನ ಕೆಲಸ ಕನ್ನಡ ನಾಡಿಗೆ ಹೊಸದಲ್ಲ ಎಂಬುದನ್ನು ಧಾರವಾಡದ ಅಕ್ಕನವರು ಗಮನಿಸಲಿ ಎಂದು ಬರೆದೆ.

ಹೊಸ ಕೈ

ವಿಡಿಯೊ ಒಂದರಲ್ಲಿ ಗಾಜನ್ನು ಆಮ್ಲದಲ್ಲಿ ಅದ್ದಿ ಹೊಳಪು ಮಾಡುವುದನ್ನು ನೋಡಿದೆ. ಅದು ಸುಲಭವಾಗಿ ತೋರುತ್ತದೆ. ಮನೆಯಲ್ಲಿ ಮಾಡಬಹುದೇ?

ಭೌತಶಾಸ್ತ್ರದ ಮೇಷ್ಟ್ರು

ಖಂಡಿತ ಮಾಡಬಾರದು. ಕಾರ್ಖಾನೆಗಳಲ್ಲಿ ಸೀಸದ ಗಾಜಿನ ಪಾತ್ರೆಗಳಿಗೆ ಹಾಗೆ ಹೊಳಪು ಕೊಡುವುದುಂಟು. ಅಲ್ಲಿ ಬಳಸುವುದು ಹೈಡ್ರೋಫ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೇಲೆ ಬಿದ್ದಾಗ ಕೆಲವೊಮ್ಮೆ ತಕ್ಷಣ ಉರಿಯೂ ಆಗುವುದಿಲ್ಲ. ಅಷ್ಟರೊಳಗೆ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಗಾಜಿನ ಮೇಲೆ ಚಿತ್ತಾರ ಕೊರೆಯಲು ಮಾರುವ ಕೆಲವು ಕ್ರೀಮುಗಳಲ್ಲೂ ಫ್ಲೋರೈಡ್ ಲವಣಗಳಿರುತ್ತವೆ, ಮೇಲಾಗಿ ಅವು ಗಾಜನ್ನು ಮಂಕು ಮಾಡುತ್ತವೆಯೇ ಹೊರತು ಹೊಳಪಿಸುವುದಿಲ್ಲ.

ಜ್ವಾಲೆಯ ಅಂಚು

ಮೇಷ್ಟ್ರ ಮಾತನ್ನು ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಉಡುಪಿ ಕಡಲ ತೀರ

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮಾಡಿದಾಗ ಚೆನ್ನಾಗಿ ಹೊಳೆಯುತ್ತಿದ್ದ ಮಣಿಗಳು ಒಂದು ಮಳೆಗಾಲ ಡಬ್ಬಿಯಲ್ಲಿ ಕಳೆದ ಮೇಲೆ ಜಿಡ್ಡಿನಂತಹ ಮಬ್ಬನ್ನು ಪಡೆಯುತ್ತವೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಇದಕ್ಕೂ ಜ್ವಾಲೆಯೇ ಕಾರಣವೇ?

ಭೌತಶಾಸ್ತ್ರದ ಮೇಷ್ಟ್ರು

ಅಲ್ಲ, ಇದು ತೇವದ ಕೆಲಸ. ಗಾಜಿನ ಮೇಲೆ ತೇವದ ಪೊರೆ ಬಹಳ ಕಾಲ ನಿಂತಾಗ ಗಾಜಿನ ಸೋಡಿಯಂ ಮೆಲ್ಲಗೆ ಹೊರಬಂದು ಮೇಲ್ಮೈಯಲ್ಲಿ ಕ್ಷಾರವಾಗುತ್ತದೆ. ಕ್ಷಾರ ಹೆಚ್ಚಿದಷ್ಟೂ ಗಾಜನ್ನೇ ತಿನ್ನತೊಡಗುತ್ತದೆ. ಸೋಡಿಯಂ ಹೆಚ್ಚಿದ್ದು ಸುಣ್ಣದ ಅಂಶ ಕಡಿಮೆಯಿರುವ ಗಾಜಿನಲ್ಲಿ ಇದು ಬೇಗ ಆಗುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿಡಿ. ಮಬ್ಬು ಇನ್ನೂ ಒರೆಸಿದರೆ ಹೋಗುವ ಹಂತದಲ್ಲಿದ್ದರೆ ಮೈ ಕೆಟ್ಟಿಲ್ಲ ಎಂದೇ ತಿಳಿಯಿರಿ.

ಮಣಿಸರ ಧಾರವಾಡ

ಎಲ್ಲರ ಸಲಹೆಗಳಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ಮಂಕಾದ ಮಣಿಗಳನ್ನು ಬೇರೆಬೇರೆ ಬಟ್ಟಲಿನಲ್ಲಿಟ್ಟು ಪರೀಕ್ಷಿಸಿದೆ.

ಬೆಳ್ಳಗಿನ ಕಲೆಯ ಮಣಿಗಳನ್ನು ನಿಂಬೆ ಉಪ್ಪಿನ ನೀರಿನಲ್ಲಿಟ್ಟಾಗ ಹೆಚ್ಚಿನವು ಹೊಳಪಾಗಿ ಹೊರಬಂದವು. ಅದು ಬೋರ್‌ವೆಲ್ ನೀರು ಒಣಗಿ ಉಳಿದ ಸುಣ್ಣವೇ ಆಗಿತ್ತು. ಇನ್ನು ಮುಂದೆ ಕೊನೆಯ ತೊಳೆತವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ, ಗಾಳಿಗೆ ಬಿಡದೆ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಸಮನಾಗಿ ಮಬ್ಬಾದವು ಒದ್ದೆಯಲ್ಲಿ ಹೊಳೆದು ಒಣಗಿದಾಗ ಮಂಕಾದವು, ನಿಂಬೆ ಉಪ್ಪಿಗೂ ಬಗ್ಗಲಿಲ್ಲ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಗೀರುಗಳು ಕಾಣುತ್ತವೆ. ಇವುಗಳನ್ನು ಸಾಣೆಕಲ್ಲು ಅವರು ಹೇಳಿದ ದಾರಿಯಲ್ಲಿ ಉಳಿಸಿಕೊಳ್ಳಲು ನೋಡುತ್ತೇನೆ.

ಆದರೆ ಕೆಲವು ಮಣಿಗಳು ಇವೆರಡಕ್ಕೂ ಸೇರುವುದಿಲ್ಲ. ಅವುಗಳ ಮೈಮೇಲೆ ಹಾಲಿನ ಕೆನೆಯಂತಹ ಸುಕ್ಕಿನ ಬಿಳಿ ಪೊರೆ ಇದೆ, ಯಾವುದಕ್ಕೂ ಹೋಗುವುದಿಲ್ಲ. ಹಸಿರುನೀಲಿ ಮಣಿಯ ಬೂದು ಪೊರೆಯ ಬಗ್ಗೆಯೂ ಯಾರಾದರೂ ತಿಳಿಸಬೇಕು.

ಜ್ವಾಲೆಯ ಅಂಚು

ಆ ಸುಕ್ಕಿನ ಪೊರೆಗೆ ಡಿವಿಟ್ರಿಫಿಕೇಶನ್ ಎನ್ನುತ್ತಾರೆ, ಎಂದರೆ ಗಾಜಿನ ಮೇಲ್ಮೈಯಲ್ಲಿ ಸೂಕ್ಷ್ಮ ಹರಳುಗಳು ಬೆಳೆದಿವೆ. ಅನೀಲಿಂಗ್‌ನ, ಎಂದರೆ ಬಿಗುಪು ಬಿಡಲು ಕಿಲ್ನ್‌ನಲ್ಲಿ ನಿಲ್ಲಿಸುವ, ಉಷ್ಣತೆಯಲ್ಲಿ ಇದು ಆಗುವುದಿಲ್ಲ. ಅದಕ್ಕಿಂತ ಬಹಳ ಮೇಲೆ, ಸುಮಾರು 700 ಡಿಗ್ರಿ ದಾಟಿದ ಮೇಲೆ ಗಾಜು ಬಹಳ ಹೊತ್ತು ನಿಂತಾಗ ಆಗುತ್ತದೆ. ಆದ್ದರಿಂದ ಇದು ಟಾರ್ಚಿನ ಬಳಿಯೇ ಹುಟ್ಟಿದ ದೋಷ. ಅರೆಬಿಸಿಯಲ್ಲಿ ಬಹಳ ಹೊತ್ತು ಒಂದೇ ಮಣಿಯ ಮೇಲೆ ಕೆಲಸ ಮಾಡಿದಾಗ, ಮತ್ತು ಕಡ್ಡಿಯ ಮೇಲೆ ದೂಳೋ ಬೆರಳಿನ ಜಿಡ್ಡೋ ಇದ್ದಾಗ, ಹರಳು ಕಟ್ಟಲು ಅದಕ್ಕೆ ನೆಲೆ ಸಿಗುತ್ತದೆ. ಮಣಿ ಇನ್ನೂ ತಂತಿಯ ಮೇಲಿರುವಾಗಲೇ ಇದನ್ನು ಕಂಡರೆ, ಚೆನ್ನಾಗಿ ಕಾಯಿಸಿ ಹರಳುಗಳನ್ನು ಮತ್ತೆ ಗಾಜಾಗಿಸಿ, ಆಮೇಲೆ ಮೊದಲು ಹೇಳಿದಂತೆ ಹೊರತುದಿಯಲ್ಲಿ ಮುಗಿಸಬಹುದು. ತಣ್ಣಗಾದ ಮೇಲೆ ಉಜ್ಜಿ ತೆಗೆಯುವುದೊಂದೇ ದಾರಿ.

ಹಸಿರುನೀಲಿಯ ಪೊರೆ ಬೇರೆ. ಆ ಬಣ್ಣಗಳಲ್ಲಿ ತಾಮ್ರವಿದೆ. ಜ್ವಾಲೆಯಲ್ಲಿ ಆಕ್ಸಿಜನ್ ಕಡಿಮೆಯಾದರೆ ತಾಮ್ರದ ಆಕ್ಸೈಡ್ ಮೇಲ್ಮೈಯಲ್ಲಿ ಲೋಹದ ಕಡೆಗೆ ತಿರುಗಿ ಬೂದು ಅಥವಾ ಕೆಂಪುಗಂದು ಹೊರಪೊರೆ ಮೂಡುತ್ತದೆ. ಆಕ್ಸಿಜನ್ ಹೆಚ್ಚಿಸಿ, ಒಳಗಿನ ಶಂಕುಗಳು ಗಿಡ್ಡಗೆ ಚೂಪಾಗಿ, ಹಳದಿ ತುದಿ ಇಲ್ಲದಂತೆ ನೋಡಿಕೊಳ್ಳಿ. ಈಗ ಆಗಿರುವ ಪೊರೆಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಬಹುಮಟ್ಟಿಗೆ ಹೋಗುತ್ತದೆ.

ಶಿರಸಿ ಅಕ್ಕ

ಹುಣಸೆಹುಳಿ ನಡೆಯುತ್ತದೆಯೇ? ನಮ್ಮ ಮನೆಯಲ್ಲಿ ತಾಮ್ರದ ಹಂಡೆಗೆ ಅದೇ.

ಜ್ವಾಲೆಯ ಅಂಚು

ಆಮ್ಲದ ಗುಣ ಅದರಲ್ಲೂ ಇರುವುದರಿಂದ ನಡೆಯಬೇಕು, ಆದರೆ ಅದರ ನಾರು, ತಿರುಳು ತೂತಿನೊಳಗೆ ಕೂರುತ್ತದೆ. ಸೋಸಿ ಬಳಸಿ. ಹಂಡೆಗೆ ಮಾಡುವಂತೆ ಉಪ್ಪಿನ ಹರಳನ್ನೋ ಬೂದಿಯನ್ನೋ ಸೇರಿಸಿ ತಿಕ್ಕಬೇಡಿ.

ಸಾಣೆಕಲ್ಲು

ಧಾರವಾಡದವರಿಗೆ ಒಂದು ಮಾತು. ಇರುವ ಮಣಿಗಳು ಕೆಲವೇ ಆಗಿದ್ದರೆ ಟಂಬ್ಲರ್ ಕೊಳ್ಳಬೇಡಿ, ಅದು ಹಲವು ದಿನ ಸತತವಾಗಿ ಓಡಬೇಕಾದ ಯಂತ್ರ. ಮಣಿಯನ್ನು ಬಿದಿರಿನ ಕಡ್ಡಿಗೆ ಬಿಗಿಯಾಗಿ ಸಿಕ್ಕಿಸಿ, ನೀರಿನಲ್ಲಿ ಅದ್ದಿದ ವಾಟರ್ ಪೇಪರ್‌ನಲ್ಲಿ 600, 1000, 2000 ಹೀಗೆ ನಯಕ್ಕೆ ಹೋಗಿ. ಕೊನೆಗೆ ಫೆಲ್ಟ್ ಬಟ್ಟೆಗೆ ಕೆನೆಯಷ್ಟು ದಪ್ಪಗೆ ಕಲೆಸಿದ ಸೀರಿಯಂ ಆಕ್ಸೈಡ್ ಹಚ್ಚಿ ತಿರುಗಿಸಿ. ಒಣಗಲು ಬಿಡಬೇಡಿ, ಒಣಗಿದರೆ ಮಣಿ ಒಂದೇ ಕಡೆ ಬಿಸಿಯಾಗಿ ಬಿರುಕು ಬಿಡುತ್ತದೆ.

ಮಣಿಸರ ಧಾರವಾಡ

ಹಾಗಾದರೆ ಟಂಬ್ಲರ್‌ಗೆ ಎತ್ತಿಟ್ಟ ಹಣದಲ್ಲಿ ವಜ್ರದ ಅರ ಮತ್ತು ಒಂದು ಪೊಟ್ಟಣ ಸೀರಿಯಂ ಆಕ್ಸೈಡ್ ತರಿಸುತ್ತೇನೆ. ಕಿಲ್ನ್‌ನ ಮೀಟರು ಸರಿಯಾಗಿದೆಯೇ ಎಂದು ತಿಳಿಯಲು ಇನ್ನೊಂದು ಮೀಟರು ಕೊಳ್ಳದೆ ಬೇರೆ ಉಪಾಯವಿದೆಯೇ?

ಜ್ವಾಲೆಯ ಅಂಚು

ಇದೆ. ನೀವು ಬಳಸುವ ಅದೇ ಗಾಜಿನ ಕಡ್ಡಿಯ ತುಂಡೊಂದನ್ನು ಮಣಿ ಇಡುವ ಜಾಗದಲ್ಲೇ, ಇಟ್ಟಿಗೆಯ ಅಂಚಿನಿಂದ ಸ್ವಲ್ಪ ಉದ್ದ ಹೊರಗೆ ಚಾಚಿ, ಹಿಂದಿನ ತುದಿಯ ಮೇಲೆ ಭಾರವಿಟ್ಟು ಮಲಗಿಸಿ. ಮೀಟರು 520 ತೋರಿಸುವಲ್ಲಿ ಒಂದು ಗಂಟೆ ನಿಲ್ಲಿಸಿ, ತಣ್ಣಗಾದ ಮೇಲೆ ನೋಡಿ. ಕಡ್ಡಿ ಎದ್ದು ಕಾಣುವಂತೆ ಬಾಗಿದ್ದರೆ ಅಲ್ಲಿಯ ಬಿಸಿ ಹೆಚ್ಚು; ಹತ್ತು ಡಿಗ್ರಿ ಇಳಿಸಿ ಹೊಸ ತುಂಡಿನೊಂದಿಗೆ ಮತ್ತೆ ಮಾಡಿ. ಬಾಗು ಕಾಣದ ಹಂತ ಬಂದಾಗ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ತೀರಾ ಕೆಳಗಿಳಿಸಿದರೆ ಮಣಿಯೊಳಗಿನ ಬಿಗುಪು ಬಿಡದೆ ಮುಂದೆಂದೋ ಒಡೆಯುವುದರಿಂದ, ಬಾಗು ನಿಂತ ಮೊದಲ ಸಂಖ್ಯೆಯಲ್ಲೇ ನಿಲ್ಲಿ. ಅಲ್ಲಿಂದ ಸುಮಾರು 430 ಡಿಗ್ರಿಯವರೆಗೆ ಗಂಟೆಗೆ 60 ಡಿಗ್ರಿಗಿಂತ ವೇಗವಾಗಿ ಇಳಿಸಬೇಡಿ.

ಮಣಿಸರ ಧಾರವಾಡ

ಕಡ್ಡಿಯನ್ನು ಮುಂದಿನ ಸುತ್ತಿನಲ್ಲೇ ಇಡುತ್ತೇನೆ. ಕಪ್ಪು ಗಾಜಿನದೇ ಇಡಲೇ, ಪಾರದರ್ಶಕದ್ದೇ?

ಜ್ವಾಲೆಯ ಅಂಚು

ಎರಡನ್ನೂ ಅಕ್ಕಪಕ್ಕ ಇಡಿ. ಒಂದೇ ಕಂಪನಿಯ ಕಡ್ಡಿಗಳಲ್ಲೂ ಬಣ್ಣಕ್ಕೆ ತಕ್ಕಂತೆ ಮೆದುತನ ಬೇರೆಯಾಗುತ್ತದೆ. ಯಾವುದು ಮೊದಲು ಬಾಗುತ್ತದೆಯೋ ಅದಕ್ಕೆ ತಕ್ಕಂತೆ ಕಿಲ್ನ್ ಹೊಂದಿಸಿ, ಮತ್ತು ಕಡ್ಡಿಗಳನ್ನು ಟಾರ್ಚಿಗೆ ಹಿಡಿಯುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಜ್ವಾಲೆ ಹೊತ್ತಿಸಿ.